ಕೆರೆದು ಕೊಟ್ಟ ಸೆಟ್ಟು

ಹಲ್ಲಿನ ಸೆಟ್ಟು ಕಟ್ಟುವುದರಲ್ಲಿ ಅವನದು ಪಳಗಿದ ಕೈ. ಎಲ್ಲಿ ಒತ್ತುತ್ತದೆ ಅಂದರೂ ಅಲ್ಲಿ ಕೆರೆದು ಕೊಟ್ಟು ಗಿರಾಕಿಗಳನ್ನು ನಗಿಸಿ ಕಳಿಸುತ್ತಿದ್ದ. ಬಟ್ಟೆ ಗಿರಣಿಯಲ್ಲಿ ದುಡಿಯುವ ಅತ್ತಿಗೆಯ ಮೇಲ್ದವಡೆಯ ಸೆಟ್ಟನ್ನೂ ಎರಡು ವರ್ಷದಲ್ಲಿ ಮೂರು ಸಲ ಹಾಗೇ ಕೆರೆದಿದ್ದ. ನಾಲ್ಕನೇ ಸಲ ಕೈಗೆತ್ತಿಕೊಂಡರೆ ಅದು ಕಾಗದದಷ್ಟು ತೆಳ್ಳಗಾಗಿತ್ತು. ಅನುಮಾನ ಬಂದು ಅಂಗುಳದ ಹೊಸ ಅಚ್ಚು ತೆಗೆದು ಹಳೆಯದರ ಪಕ್ಕ ಇಟ್ಟ. ಹಳೆಯದು ನುಣ್ಣಗಿತ್ತು. ಹೊಸದರ ಹಿಂಭಾಗದಲ್ಲಿ, ಒಂದು ಬದಿಗೆ, ಗೋಲಿಯಷ್ಟು ಉಬ್ಬು. ಮರುದಿನವೇ ಅತ್ತಿಗೆಯನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ.

ಗಿರಣಿಯ ಡಾಕ್ಟರು ಹಿಂದೆ ಆ ಜಾಗದಿಂದ ಒಂದು ಚೂರು ಕಿತ್ತು ಪರೀಕ್ಷೆಗೆ ಕಳಿಸಿ, 'ಸೆಟ್ಟು ಉಜ್ಜಿ ಆದ ಬಾವು' ಎಂಬ ಚೀಟಿ ಕೈಗಿಟ್ಟಿದ್ದರು. ದಿನಕ್ಕೆ ಹತ್ತು ಗಂಟೆ ದುಡಿಯುವವಳ ಬಾಯಿಗೆ ಮತ್ತೆ ಬೆರಳು ಹಾಕಿ ನೋಡುವ ಪುರುಸೊತ್ತು ಯಾರಿಗಿತ್ತು?

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಆ ಚೀಟಿಯನ್ನೇ ಓದಿದರು. "ಎಷ್ಟು ದಿನ ಆಯ್ತಮ್ಮ?"

"ಎರಡು ತಿಂಗಳು. ನೋವೇನಿಲ್ಲ," ಅಂದಳು ಅತ್ತಿಗೆ. ಮೈದುನನ ಅಂಗಡಿಗೆ ಕೆಟ್ಟ ಹೆಸರು ಬರಬಾರದಲ್ಲ.

"ಹಾಗಾದ್ರೆ ಸೆಟ್ಟು ತೆಗೆದಿಟ್ಟು ಒಂದು ತಿಂಗಳು ನೋಡೋಣ."

ಅವನು ಎರಡೂ ಅಚ್ಚುಗಳನ್ನು ಮೇಜಿನ ಮೇಲಿಟ್ಟ. "ಎರಡು ವರ್ಷ ಆಯ್ತು ಮೇಡಂ. ಒತ್ತುತ್ತೆ ಅಂದಾಗೆಲ್ಲ ನಾನೇ ಕೆರೆದು ಕೊಟ್ಟೆ. ಗಡ್ಡೆಗೆ ಜಾಗ ಮಾಡಿಕೊಟ್ಟವನು ನಾನೇ."

ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಮೊದಲ ಸಲ ಉಬ್ಬನ್ನು ಒತ್ತಿ ನೋಡಿದರು. "ಉಜ್ಜಿ ಆದದ್ದಾದ್ರೆ ಕೆರೆದ ಮೇಲೆ ಇಳೀಬೇಕಿತ್ತು. ಅಂಗುಳದ ಚರ್ಮದಡಿ ಜೊಲ್ಲು ಒಸರುವ ಸಣ್ಣ ಸಣ್ಣ ಗ್ರಂಥಿಗಳಿವೆ. ಹಿಂದೆ ಕಿತ್ತದ್ದು ಬರೀ ಮೇಲಿನ ಸಿಪ್ಪೆ. ಈಗ ಆಳದಿಂದ ತೆಗೆದು ನೋಡಬೇಕು."

ಹತ್ತು ದಿನಕ್ಕೆ ಗೊತ್ತಾಯಿತು: ಜೊಲ್ಲಿನ ಗ್ರಂಥಿಯ ಕ್ಯಾನ್ಸರ್. ಅಪರೂಪದ್ದು, ನಿಧಾನವಾಗಿ ಬೆಳೆಯುವಂಥದ್ದು, ಮೂಳೆಗಿನ್ನೂ ಇಳಿದಿಲ್ಲ. ಕೊಯ್ದು ತೆಗೆದರೆ ಉಳಿಯುತ್ತಾಳೆ.

ಹೊರಗಿನ ಬೆಂಚಿನ ಮೇಲೆ ಅತ್ತಿಗೆ ಸೆರಗು ಸರಿಮಾಡಿಕೊಂಡು ಕೂತಳು. ಆಮೇಲೆ ಗದರಿದಳು. "ನಾನು ಎರಡು ತಿಂಗಳು ಅಂದೆನಲ್ಲ, ತೆಪ್ಪಗಿರೋಕೆ ಏನಾಗಿತ್ತು ನಿಂಗೆ? ಇನ್ನು ನಿನ್ನ ಅಂಗಡಿಗೆ ನೊಣಾನೂ ಬರಲ್ಲ."

"ಬರದಿದ್ರೆ ಬೇಡ ಬಿಡಿ ಅತ್ತಿಗೆ. ನಾನು ಕೆರೆದು ಹಾಕಿದ್ದು ನಿಮ್ಮ ಎರಡು ವರ್ಷಾನ."



"ಗಿರಣೀಲಿ ಇನ್ನೂ ನಾಲ್ಕು ಜನಕ್ಕೆ ಕೆರೆದು ಕೊಟ್ಟಿದ್ದೀಯ," ಅಂದಳು ಏಳುತ್ತಾ. "ನಾಳೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ. ಬಾಯೊಳಗೆ ಬೆರಳಿಟ್ಟು ನೋಡು. ಆಮೇಲೆ ಆ ಚೀಟಿ ಹಿಡ್ಕೊಂಡು ಎಲ್ಲರೂ ಗಿರಣಿ ಡಾಕ್ಟರ ಹತ್ರ ಹೋಗಿ ಕೇಳೋಣ."