ಕೆಂಪಿನ ಮೇಲೆ ಬಿಳಿ

ವೈನಿನ ರುಚಿ ನೋಡಲು ಬರುವವರಷ್ಟು ಸಭ್ಯ ಜನ ದ್ರಾಕ್ಷಿ ತೋಟಗಳ ಅಮಡೋರ್ ಗುಡ್ಡಗಳಲ್ಲಿ ಬೇರೆ ಸಿಗುವುದಿಲ್ಲ. ದುಡ್ಡು ಕೊಟ್ಟೇ ಒಳಗೆ ಬಂದಿರುತ್ತಾರೆ. ಆದರೂ ಗ್ಲಾಸು ಕೈಗೆ ಸಿಕ್ಕಿತೋ, ಬೀಗರ ಮನೆಯ ಊಟಕ್ಕೆ ಕುಳಿತವರ ಹಾಗೆ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಚೆನ್ನಾಗಿಲ್ಲ ಎನ್ನುವ ಮಾತು ಅವರ ಬಾಯಿಂದ ಬರುವುದೇ ಇಲ್ಲ. ತೀರಾ ಕೆಟ್ಟಿದ್ದರೆ ‘ತುಂಬಾ ಸ್ವಾರಸ್ಯವಾಗಿದೆ’ ಎನ್ನುತ್ತಾರೆ. ಆ ವಸಂತದಲ್ಲಿ ಆರ್ಲೀನ್ ಸಿಲ್ವೇರಾಳ ಕೆಂಪು ವೈನು ತುಂಬಾ ಸ್ವಾರಸ್ಯವಾಗಿತ್ತು.

ಶನಿವಾರ ಮಧ್ಯಾಹ್ನ ಸ್ಯಾಕ್ರಮೆಂಟೊದಿಂದ ಬಂದ ಗಂಡಹೆಂಡತಿ ಕೌಂಟರಿನ ಮುಂದೆ ನಿಂತಿದ್ದರು. ಆರ್ಲೀನ್ ಮೊದಲು ಬಿಳಿ ಸುರಿದಳು. ಬಿಳಿ ಮೊದಲು, ಕೆಂಪು ಆಮೇಲೆ. ಅದು ಎಲ್ಲ ವೈನ್ ಮನೆಗಳಲ್ಲೂ ನಡೆದುಕೊಂಡು ಬಂದ ಕ್ರಮ. ಬಿಳಿಯನ್ನು ಅವರು ಬಾಯ್ತುಂಬ ಹೊಗಳಿದರು. ನಿಂಬೆ ಸಿಪ್ಪೆಯ ರುಚಿ ಅಂದ ಗಂಡ, ಹಸಿ ಬಾದಾಮಿಯದು ಅಂದಳು ಹೆಂಡತಿ, ಇಬ್ಬರೂ ಹೇಳಿದ್ದು ಸರಿಯೇ ಆಗಿತ್ತು. ಆಮೇಲೆ ಪೀಪಾಯಿಯಿಂದ ಆಗಷ್ಟೇ ತೆಗೆದಿದ್ದ ಕೆಂಪು ಬಂತು. ಅವನು ಗ್ಲಾಸನ್ನು ಸುತ್ತಾಡಿಸಿ ಮೂಗಿಗೆ ಹಿಡಿದ. ‘ಆಹಾ’ ಎಂದ. ಒಂದು ಗುಟುಕು ಕುಡಿದ, ಎರಡನೆಯದನ್ನೂ ಕುಡಿದ, ಆಮೇಲೆ ಗ್ಲಾಸನ್ನು ಕೌಂಟರಿನ ಮೇಲಿಟ್ಟ.

“ಇಂಟರೆಸ್ಟಿಂಗ್ ಆಗಿದೆ,” ಎಂದ. “ಅಲ್ವೇನೇ?”

“ಹೌದು, ತುಂಬಾ,” ಅಂದಳು ಹೆಂಡತಿ. “ಅಂದಹಾಗೆ, ಆ ಬಿಳಿ ಇನ್ನೊಂಚೂರು ಸಿಗುತ್ತಾ? ಕೊನೇಗೆ ಅದರ ರುಚಿ ಇಟ್ಕೊಂಡೇ ಹೋಗೋಣ ಅಂತ.”

ಆರ್ಲೀನ್ ನಕ್ಕು ಸುರಿದಳು. ನಲವತ್ತು ವರ್ಷಗಳಿಂದ ವೈನು ಮಾಡುತ್ತಾ ಬಂದವಳು ಅವಳು. ಕೆಂಪಿನ ಮೇಲೆ ಬಿಳಿ ಕೇಳುವವರನ್ನು ಈ ವರ್ಷದವರೆಗೆ ಕಂಡಿರಲಿಲ್ಲ. ಈಗ ಎರಡು ತಿಂಗಳಿಂದ ಬಂದವರಲ್ಲಿ ಅರ್ಧ ಜನ ಕೇಳುತ್ತಿದ್ದರು. ಅವಳು ಬೆನ್ನು ತಿರುಗಿಸಿದಾಗ ಉಳಿದ ಕೆಂಪು, ರುಚಿ ನೋಡಿ ಉಗಿಯಲೆಂದು ಇಟ್ಟ ಬಕೆಟ್ಟಿಗೆ ಮೆತ್ತಗೆ ಬೀಳುವ ಸದ್ದೂ ಕೇಳಿಸುತ್ತಿತ್ತು.

ಹೋದ ಆಗಸ್ಟಿನಲ್ಲಿ ದಕ್ಷಿಣದ ಕಾಡು ಹೊತ್ತಿ ಉರಿದಿತ್ತು. ಬೆಂಕಿ ಇತ್ತ ಬರಲಿಲ್ಲ, ಹೊಗೆ ಬಂತು. ಬಂದದ್ದು ವಾರಗಟ್ಟಲೆ ಕಣಿವೆಯಲ್ಲೇ ಬಿಡಾರ ಹೂಡಿತು. ದ್ರಾಕ್ಷಿ ಬಣ್ಣ ತಿರುಗುವ ಹೊತ್ತು ಅದು. ಹೊಗೆ ಕೂರುವುದು ಹಣ್ಣಿನ ಸಿಪ್ಪೆಯಲ್ಲಿ. ಬಿಳಿ ವೈನಿಗೆ ರಸ ಹಿಂಡಿ ಸಿಪ್ಪೆಯನ್ನು ಆಚೆ ಎಸೆಯುವುದರಿಂದ ಅದು ಪಾರಾಗುತ್ತದೆ. ಕೆಂಪು ವೈನು ಸಿಪ್ಪೆಯ ಜೊತೆಗೇ ನೆನೆದು, ಸಿಪ್ಪೆಯಿಂದಲೇ ಬಣ್ಣ ಪಡೆದು, ಸಿಪ್ಪೆಯ ಪಾಪವನ್ನೆಲ್ಲ ಹೊತ್ತುಕೊಳ್ಳುತ್ತದೆ. ಮೂಗಿಗೆ ಅದು ಸಿಗುವುದಿಲ್ಲ. ನುಂಗಿದ ಮೇಲೆ, ಬಾಯಿಯ ಎಂಜಲು ತಾಗಿದ ಮೇಲೆ, ನಾಲಿಗೆಯ ಬುಡದಲ್ಲಿ ಬೂದಿ ಏಳುತ್ತದೆ.

ಏಳುತ್ತದೆಯಂತೆ. ಆರ್ಲೀನಳಿಗೆ ಅದು ಗೊತ್ತಾಗುವುದಿಲ್ಲ. ಕೆಲವರ ನಾಲಿಗೆ ಹುಟ್ಟಿನಿಂದಲೇ ಹಾಗೆ. ಉಳಿದೆಲ್ಲದರಲ್ಲಿ ಚುರುಕು, ಹೊಗೆಯೊಂದಕ್ಕೆ ಕುರುಡು. ಅವಳಿಗೆ ಈ ಸಲದ ಕೆಂಪಿನಲ್ಲಿ ಕಪ್ಪು ಚೆರಿ ಹಣ್ಣು, ಆಗಷ್ಟೇ ಕುಟ್ಟಿದ ಮೆಣಸು, ಬಿಸಿಲಿಗೆ ಕಾದ ಮಣ್ಣು ಸಿಗುತ್ತಿದ್ದವು. ತನ್ನ ಕೈಯಿಂದ ಇಂಥ ವೈನು ಇದುವರೆಗೆ ಬಂದಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಬಾಟಲಿ ತುಂಬುವ ಯಂತ್ರವನ್ನೇ ಬೆನ್ನ ಮೇಲೆ ಹೊತ್ತು ತೋಟದಿಂದ ತೋಟಕ್ಕೆ ಓಡಾಡುವ ಲಾರಿ ಗುರುವಾರ ಅವಳ ಅಂಗಳಕ್ಕೆ ಬರುವುದಿತ್ತು. ಕೆಂಪಿನ ಲೇಬಲ್ ಅಚ್ಚಾಗಿ ಬಂದಿತ್ತು. ಅದರ ಮೇಲೆ ಮೊದಲ ಸಲ ಅವಳ ಹೆಸರೊಂದೇ ಇತ್ತು. ಹೊಗೆ ಇದ್ದದ್ದೇ ಆದರೆ ಆ ಹೆಸರು ಮೊದಲ ವರ್ಷವೇ ಮಣ್ಣುಪಾಲು. ಇಲ್ಲದಿದ್ದರೆ, ಬದುಕಿನ ಅತ್ಯುತ್ತಮ ವೈನನ್ನು ಸಂಶಯಕ್ಕೆ ಬಲಿ ಕೊಟ್ಟ ಹಾಗೆ. ಪ್ರಯೋಗಾಲಯದ ಪರೀಕ್ಷೆಗೆ ಕಳಿಸಿದ್ದೂ ಆಗಿತ್ತು. ‘ಇದ್ದರೂ ಇರಬಹುದು, ನಾಲಿಗೆಯನ್ನೇ ಕೇಳಿ’ ಎಂದು ಅಲ್ಲಿಯವರು ಕೈತೊಳೆದುಕೊಂಡಿದ್ದರು.

ಗಂಡಹೆಂಡತಿ ಬಿಳಿಯದೇ ಒಂದು ಪೆಟ್ಟಿಗೆ ಕೊಂಡು ಹೊರಟರು. ವಾರದ ಕೊನೆಯಲ್ಲಿ ಕೌಂಟರಿಗೆ ನಿಲ್ಲುತ್ತಿದ್ದ ಬರ್ನಿಸ್ ಮುದುಕಿ ಹೊರಗೆ ಸಿಗರೇಟು ಮುಗಿಸಿ ಒಳಗೆ ಬಂದಳು.

“ಬರ್ನಿಸ್, ಇದನ್ನೊಂದ್ಸಲ ಕುಡಿದು ನೋಡೇ. ಹೊಗೆ ಇದೆಯಾ?”

“ಯಾರನ್ನ ಕೇಳ್ತಾ ಇದೀಯ ನೀನು? ಐವತ್ತು ವರ್ಷದಿಂದ ಹೊಗೆಗೊಳವಿ ಆಗಿದೀನಿ. ನನಗೆ ನನ್ನ ಹಲ್ಲುಜ್ಜೋ ಪೇಸ್ಟಲ್ಲೂ ಹೊಗೇನೇ.” ಆದರೂ ಗ್ಲಾಸು ತೆಗೆದುಕೊಂಡು ಒಂದೇ ಗುಕ್ಕಿಗೆ ಖಾಲಿ ಮಾಡಿದಳು. “ಫಸ್ಟ್ ಕ್ಲಾಸಾಗಿದೆ. ಇನ್ನೊಂದು ಹಾಕು.”

“ನಿನ್ನ ಕೇಳಿದ್ದು ನನ್ನ ತಪ್ಪು.”

“ತಪ್ಪೇ. ಕೇಳಬೇಕಾದೋನು ಯಾರು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಜಂಬ ಬಿಟ್ಟು ಫೋನ್ ಮಾಡು.”

ಕೇಳಬೇಕಾದವನು ಗ್ರೇಡಿ. ಎರಡು ವರ್ಷದ ಹಿಂದಿನವರೆಗೆ ಅವಳ ಗಂಡ. ಅವನ ನಾಲಿಗೆಗೆ ಎರಡು ಗುಣವಿತ್ತು. ಒಂದು, ವೈನಿನಲ್ಲಿ ಒಂದು ಹನಿ ಹೊಗೆಯಿದ್ದರೂ ಹಿಡಿಯುತ್ತಿತ್ತು. ಎರಡು, ಬೈಯುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಅವಳು ಹೊಸ ವೈನು ತಂದಿಟ್ಟಾಗಲೆಲ್ಲ ‘ಇದು ಕುದುರೆ ಕಾಲು ತೊಳೆಯೋಕಾಗುತ್ತೆ’ ಎಂದೋ ‘ಮಾರಾಯ್ತಿ, ಇದರಲ್ಲಿ ನಿನ್ನ ಚಪ್ಪಲಿ ಬಿದ್ದಿತ್ತಾ?’ ಎಂದೋ ಶುರು ಮಾಡುತ್ತಿದ್ದ. ಬಹಳ ವರ್ಷಗಳ ಹಿಂದೆ ಇನ್ನೊಂದು ಬೆಂಕಿಯ ಸುಗ್ಗಿಯಲ್ಲಿ ಅವಳು ಚೆರಿ ಹಣ್ಣು ಅಂದಿದ್ದಕ್ಕೆ ಅವನು ಕೂಗಾಡಿದ್ದ. “ಚೆರಿ ಅಂತೆ ಚೆರಿ! ಉರಿಯೋ ಒಲೆ ನೆಕ್ಕಿದ ಹಾಗಿದೆ ಕಣೆ, ಮಾರಾಯ್ತಿ!” ದಿನಗಟ್ಟಲೆ ಜಗಳವಾಡಿ, ಊರವರಿಗೆಲ್ಲ ಕುಡಿಸಿ ಕೇಳಿದ ಮೇಲೆಯೇ ಅವಳ ನಾಲಿಗೆಯ ಕುರುಡು ಹೊರಬಿದ್ದದ್ದು. ಅವನು ಗೆದ್ದದ್ದನ್ನು ಅವಳು ಮರೆಯಲೇ ಇಲ್ಲ.

ಬೇರೆಯಾಗುವ ದಿನ ಅವಳು ಒಂದೇ ಮಾತು ಹೇಳಿದ್ದಳು. “ಇಷ್ಟು ವರ್ಷದಲ್ಲಿ ನಿನ್ನ ಬಾಯಿಂದ ನನಗೆ ಅಂತ ಒಂದು ಒಳ್ಳೇ ಮಾತು ಬರಲಿಲ್ಲ, ಗ್ರೇಡಿ.” ಅವನು ನಾಯಿಯನ್ನು ಟ್ರಕ್ಕಿಗೆ ಹತ್ತಿಸಿಕೊಂಡು ಹೋಗಿದ್ದ. ಈಗ ಲೋಡೈಯಲ್ಲಿ ನೀರಾವರಿ ಪೈಪು ಮಾರುತ್ತಾ, ಜಾಯ್ಸ್ ಎನ್ನುವವಳ ಜೊತೆಗಿದ್ದ.

ಆರ್ಲೀನ್ ಭಾನುವಾರವೆಲ್ಲ ಜಂಬದ ಜೊತೆ ಗುದ್ದಾಡಿ ಸೋಮವಾರ ಬೆಳಿಗ್ಗೆ ಫೋನ್ ಮಾಡಿದಳು. ಅವನು ಕಾರಣವನ್ನೇ ಕೇಳಲಿಲ್ಲ. “ನಾಳೆ ಮಧ್ಯಾಹ್ನ ಬರ್ತೀನಿ,” ಅಂದ. ಫೋನಿಟ್ಟವಳು ಸುಮ್ಮನೆ ಕೂರಲಾಗದೆ ಕೌಂಟರ್ ಒರೆಸಿದಳು, ಒರೆಸಿದ ಕೌಂಟರನ್ನೇ ಮತ್ತೆ ಒರೆಸಿದಳು. ಬೈಗುಳ ಕೇಳಿಸಿಕೊಳ್ಳಲು ಒಬ್ಬ ಹೆಂಗಸು ಇಷ್ಟು ಸಡಗರ ಪಡಬಹುದೇ ಎಂದು ಅವಳಿಗೇ ನಗು ಬಂತು. ಎರಡು ವರ್ಷದಲ್ಲಿ ಅವಳನ್ನು ಯಾರೂ ಬೈದಿರಲಿಲ್ಲ. ಎಲ್ಲರೂ ‘ಹೇಗಿದ್ದೀರಿ’ ಎನ್ನುತ್ತಿದ್ದರು, ಅವಳು ‘ಚೆನ್ನಾಗಿದ್ದೀನಿ’ ಎನ್ನುತ್ತಿದ್ದಳು. ಸಂಜೆ ಬಾಗಿಲು ಹಾಕಿದ ಮೇಲೆ ಆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ ಉಳಿಯುತ್ತಿತ್ತು.

ಗ್ರೇಡಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಅದೇ ಹೊಸದು, ಮೊದಲೆಲ್ಲ ಯಾವುದಕ್ಕೂ ಹೊತ್ತಿಗೆ ಬಂದವನಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಗಡ್ಡ ನೀಟಾಗಿ ಕತ್ತರಿಸಿದ್ದ. ಬಾಗಿಲಲ್ಲಿ ಬೂಟು ಒರೆಸಿಕೊಂಡು, ಒಳಗೆ ಬರಬಹುದೇ ಎನ್ನುವ ಹಾಗೆ ನಿಂತ.

“ಬಾರೋ ಒಳಗೆ. ಈ ಬಾಗಿಲು ನೀನೇ ಕೂರಿಸಿದ್ದು.”

“ಇನ್ನೂ ಕಿರುಗುಟ್ಟುತ್ತೆ, ಅಲ್ವಾ?” ಎಂದು ನಕ್ಕ. “ಹೇಗಿದ್ದೀಯ, ಆರ್ಲೀನ್?”

ಅವನ ಬಾಯಲ್ಲಿ ತನ್ನ ಹೆಸರು ಅವಳಿಗೆ ಹೊಸದಾಗಿ ಕೇಳಿಸಿತು. ಅವಳು ನಾಯಿಯನ್ನು ವಿಚಾರಿಸಿದಳು. ನಾಯಿ ಚೆನ್ನಾಗಿತ್ತು. ಕ್ರಮದಂತೆ ಮೊದಲು ಬಿಳಿ ಸುರಿದಳು. ಅವನು ನಿಧಾನವಾಗಿ ಮೂಸಿ, ಬಾಯಲ್ಲಿ ಆಡಿಸಿ, ಬಕೆಟ್ಟಿಗೆ ಉಗಿದು, ಚೊಕ್ಕವಾಗಿದೆ ಎಂದ. ಆಮೇಲೆ ಅವಳು ಕೆಂಪನ್ನು ಅವನ ಮುಂದೆ ತಳ್ಳಿದಳು.

“ಲಾರಿ ನಾಡಿದ್ದು ಬರುತ್ತೆ. ನನ್ನ ನಾಲಿಗೆ ವಿಷಯ ನಿನಗೆ ಗೊತ್ತಲ್ಲ. ನಿಜ ಹೇಳು, ಅಷ್ಟೇ.”

ಗ್ರೇಡಿ ಗ್ಲಾಸನ್ನು ಬೆಳಕಿಗೆ ಹಿಡಿದ. ಮೂಸಿದ. ಕುಡಿದ, ಇದನ್ನು ಉಗಿಯಲಿಲ್ಲ, ನುಂಗಿದ. ಇನ್ನೊಂದು ಗುಟುಕು ತೆಗೆದುಕೊಂಡ. ಅವನ ಕಣ್ಣು ಗೋಡೆಗೆ ಒರಗಿಸಿದ್ದ ಹೊಸ ಲೇಬಲ್ಲಿನ ಮೇಲೆ, ಅವಳ ಹೆಸರಿನ ಮೇಲೆ ನಿಂತಿತು. ಅವಳು ಕಾದಳು. ಹುಬ್ಬು ಗಂಟಿಕ್ಕುವುದಕ್ಕೆ, ಗ್ಲಾಸು ಕುಕ್ಕುವುದಕ್ಕೆ, ‘ಮಾರಾಯ್ತಿ’ ಎಂದು ಶುರುವಾಗುವುದಕ್ಕೆ ಕಾದಳು.

“ಚೆನ್ನಾಗಿದೆ, ಆರ್ಲೀನ್,” ಎಂದ ಗ್ರೇಡಿ. “ನಿಜವಾಗ್ಲೂ ತುಂಬಾ ಚೆನ್ನಾಗಿದೆ. ನೀನು ಒಳ್ಳೇ ಕೆಲಸ ಮಾಡಿದೀಯ. ಇದನ್ನ ನಾನು ಎಷ್ಟೋ ವರ್ಷದ ಹಿಂದೇನೇ ಹೇಳಬೇಕಾಗಿತ್ತು.”

ಅವಳ ಎದೆ ಹೂವಾಯಿತು. ಒಂದು ಗಳಿಗೆ ಅವಳು ಎಲ್ಲವನ್ನೂ ನಂಬಿದಳು. ಲಾರಿ, ಬಾಟಲಿ, ತನ್ನ ಹೆಸರು, ಕಳೆದ ವರ್ಷಗಳು, ಎಲ್ಲವೂ ಸರಿಹೋದಂತೆ ಕಂಡಿತು.

ಗ್ರೇಡಿ ಗಂಟಲು ಸರಿಮಾಡಿಕೊಂಡ. ಗ್ಲಾಸನ್ನು ಮೆತ್ತಗೆ ಆಚೆ ಸರಿಸಿದ.

“ಆ ಬಿಳಿ ಇನ್ನೊಂಚೂರು ಇದೆಯಾ?”

ಅವಳು ಸುರಿದಳು. ಅವನು ಅದನ್ನು ಮೂಸಲಿಲ್ಲ, ನೀರು ಕುಡಿಯುವಂತೆ ಕುಡಿದ, ಬಾಯೆಲ್ಲ ಮುಕ್ಕಳಿಸಿ ನುಂಗಿದ. ಆರ್ಲೀನ್ ಬಾಟಲಿ ಹಿಡಿದುಕೊಂಡೇ ನಿಂತಿದ್ದಳು. ಹೊಗೆ ಇತ್ತು. ಅದಕ್ಕಿಂತ ಹೆಚ್ಚಿನದು, ಅವಳು ಬೇಡಿದ್ದ ಒಳ್ಳೆಯ ಮಾತನ್ನು ಅವನು ನೆನಪಿಟ್ಟುಕೊಂಡು ತಂದಿದ್ದ. ಸ್ಯಾಕ್ರಮೆಂಟೊದ ಆ ಗಂಡಹೆಂಡತಿಯ ಹಾಗೆ, ಅಷ್ಟೇ ಸಭ್ಯವಾಗಿ, ಹೊರಗಿನವನಾಗಿ ತಂದಿದ್ದ.

“ಗ್ರೇಡಿ, ನನ್ನ ಬೈಯಿ.”

“ಏನು?”

“ಬೈಯೋ. ಒಲೆ ನೆಕ್ಕಿದ ಹಾಗಿದೆ ಅನ್ನು. ಏನಾದ್ರೂ ಅನ್ನು. ಮೊದಲಿನ ಹಾಗೆ ಒಂದ್ಸಲ.”

ಅವನ ಮುಖ ಕೆಂಪಾಯಿತು. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನೆಲ ನೋಡಿದ. “ಅದನ್ನೆಲ್ಲ ಬಿಟ್ಟುಬಿಟ್ಟಿದೀನಿ,” ಎಂದ. “ಜಾಯ್ಸ್‌ಗೆ ಇಷ್ಟ ಆಗಲ್ಲ. ಅವಳು ಹೇಳೋದೂ ಸರಿನೇ. ನಿನಗೆ ನಾನು ತುಂಬಾ ಅಂದುಬಿಟ್ಟಿದೀನಿ.”

ಅವಳಿಗೆ ಅಳು ಬಂತು, ತಡೆದುಕೊಂಡಳು. ಬಿಳಿಯ ಎರಡು ಬಾಟಲಿ ಕಾಗದದಲ್ಲಿ ಸುತ್ತಿ ಕೊಟ್ಟಳು, ಒಂದು ಜಾಯ್ಸ್‌ಗೆ ಎಂದಳು. ಅವನು ಥ್ಯಾಂಕ್ಸ್ ಹೇಳಿದ. ಕಿರುಗುಟ್ಟುವ ಬಾಗಿಲನ್ನು ಸದ್ದಾಗದಂತೆ ಎತ್ತಿ ಹಿಡಿದು ಮುಚ್ಚಿಕೊಂಡು ಹೋದ. ಟ್ರಕ್ಕು ದೂರವಾಗುವವರೆಗೆ ಅವಳು ಅಲ್ಲೇ ನಿಂತಿದ್ದಳು.

ಆಮೇಲೆ ಎರಡು ಫೋನ್ ಮಾಡಿದಳು. ಪೀಪಾಯಿಯಲ್ಲಿ ಉಳಿದಿರುವ ಬಿಳಿಯಷ್ಟೇ ತುಂಬಿದರೆ ಸಾಕು ಎಂದು ಲಾರಿಯವನಿಗೆ ಹೇಳಿದಳು. ಕೆಂಪಿನ ಪೀಪಾಯಿಗಳನ್ನೆಲ್ಲ ಬಂದು ಒಯ್ಯಿರಿ ಎಂದು, ಹಾಳಾದ ವೈನನ್ನು ಬಟ್ಟಿಯಿಳಿಸುವವರಿಗೆ ಹೇಳಿದಳು. ಅವರು ಕೂಡ ಬಹಳ ಮರ್ಯಾದೆಯಿಂದ ಮಾತಾಡಿದರು. ಲೇಬಲ್ಲಿನ ಕಟ್ಟನ್ನು ಮೇಲಿನ ಕಪಾಟಿಗೆ ಹತ್ತಿಸಿದಳು.

ಕೆಳಗಿನ ನೆಲಮಾಳಿಗೆ ತಣ್ಣಗಿತ್ತು. ಆರ್ಲೀನ್ ಒಂದು ಪೀಪಾಯಿಯ ಬಿರಡೆ ತೆಗೆದು, ಗಾಜಿನ ಕೊಳವೆಯಲ್ಲಿ ಕೆಂಪನ್ನು ಎತ್ತಿ ಗ್ಲಾಸು ತುಂಬಿಸಿಕೊಂಡು, ಬುಟ್ಟಿಯೊಂದನ್ನು ಬೋರಲು ಹಾಕಿ ಕುಳಿತಳು. ದೊಡ್ಡ ಗುಟುಕು ಕುಡಿದಳು. ನಾಲಿಗೆಯ ಬುಡದಲ್ಲಿ ಬೂದಿಯನ್ನು ಹುಡುಕಿದಳು. ಸಿಗಲಿಲ್ಲ. ಮತ್ತೊಂದು ಗುಟುಕು ಕುಡಿದಳು.

“ಥೂ, ಒಲೆ ನೆಕ್ಕಿದ ಹಾಗಿದೆ ಕಣೆ, ಮಾರಾಯ್ತಿ,” ಎಂದು ಗಟ್ಟಿಯಾಗಿ ತನಗೆ ತಾನೇ ಹೇಳಿಕೊಂಡಳು.

ಪೀಪಾಯಿಗಳ ಸಾಲಿನಿಂದ ಯಾರೂ ಜಗಳಕ್ಕೆ ಬರಲಿಲ್ಲ. ಅವಳ ಬಾಯಲ್ಲಿ ಕಪ್ಪು ಚೆರಿ ಇತ್ತು, ಆಮೇಲೆ ಮೆಣಸು, ಆಮೇಲೆ ಬಿಸಿಲಿಗೆ ಕಾದ ಮಣ್ಣು. ಗ್ಲಾಸು ಖಾಲಿಯಾಗುವವರೆಗೆ ಅವಳು ಕುಡಿದಳು. ಅಂಥ ವೈನನ್ನು ಅವಳು ಯಾವತ್ತೂ ಮಾಡಿರಲಿಲ್ಲ, ಮತ್ತು ಅದನ್ನು ಅವಳ ಜೊತೆ ಕೂತು ಕುಡಿಯುವವರು ಯಾರೂ ಇರಲಿಲ್ಲ.