ಶೀಲಾ ಬರೆಯದೆ ಬಿಟ್ಟ ಕೊನೆ

ಮದಿಹಾ ಟೀಚರ್ ಕಲಬುರಗಿಯ ಶಹಾಬಜಾರದಿಂದ ದಿನಾ ಬಸ್ಸು ಹಿಡಿದು ಕಮಲಾಪುರದ ಹೈಸ್ಕೂಲಿಗೆ ಕನ್ನಡ ಕಲಿಸಲು ಹೋಗುತ್ತಿದ್ದಳು. ಮನೆಯಲ್ಲಿ ದಖನಿ ಉರ್ದು ಆಡುವ ಹುಡುಗಿ ಕನ್ನಡದಲ್ಲಿ ಎಂ.ಎ. ಮಾಡಿದ್ದಕ್ಕೆ ಹುಬ್ಬೇರಿಸಿದವರು ಬಹಳ. ಅವಳ ಪಾಠ ಒಮ್ಮೆ ಕೇಳಿದವರು ಮಾತ್ರ ಮತ್ತೆ ಆ ಮಾತೆತ್ತುತ್ತಿರಲಿಲ್ಲ.

ಆ ಶುಕ್ರವಾರ ಒಂಬತ್ತನೇ ತರಗತಿಗೆ ಕಥೆಯ ತಿರುವಿನ ಪಾಠವಿತ್ತು.

"ಊರ ಮಂದಿ ಕೀಲಿ ಎಲ್ಲಾ ತೆಗೆಯೋ ಒಬ್ಬ ಮನಷ್ಯಾ ತನ್ನ ಕೀಲಿಕೈ ಕಳಕೊಂಡು ಮನಿ ಮುಂದ ಎರಡು ತಾಸು ಕೂತಾನ. ಅದೇ ಒಂದು ವಿಚಿತ್ರ, ಹೌದಿಲ್ಲೋ?" ಎಂದಳು. "ಕಡೀಕ ಹೇಣ್ತಿ ಬಂದು ಬಾಗಿಲಾ ದೂಡಿದ್ರ, ಅದಕ್ಕ ಕೀಲಿನೇ ಹಾಕಿದ್ದಿಲ್ಲ!"

ಹುಡುಗರು ನಕ್ಕರು. ಮುಂದಿನ ಬೆಂಚಿನ ಮಲ್ಲು ಎದ್ದು ನಿಂತ. "ಟೀಚರ್, ಹಂಗಾದ್ರ ಕೊನಿಗೆ ಏನರೆ ಒಂದು ಸುಳ್ಳು ಹೇಳಿ ಮಂದೀಗಿ ಮೋಸ ಮಾಡಿದ್ರ ಆಯ್ತೇನ್ರಿ?"

"ಮೋಸ ಅಲ್ಲಪಾ. ನಿಜ ಮೊದಲಿಂದ ಕಣ್ಣ ಮುಂದೇ ಇರಬೇಕು. ಓದೋರು ತಾವೇ ಬ್ಯಾರೆ ಏನೋ ತಿಳಕೊಂಡಿರಬೇಕು. ಕೊನಿಗೆ ಬಂದಾಗ, ಅಯ್ಯ, ಇದು ನನಗ ಯಾಕ ಹೊಳೀಲಿಲ್ಲ ಅನ್ನಬೇಕು."

ಮನೆಗೆಲಸವಾಗಿ ಒಂದೊಂದು ಕಥೆ ಬರೆದು ತರಲು ಹೇಳಿದಳು. ಕೊನೆಯನ್ನು ಮಾತ್ರ ಬರೆಯಬಾರದು. ಅದನ್ನು ಸೋಮವಾರ ತರಗತಿಯಲ್ಲಿ ಬಾಯಿಮಾತಿನಲ್ಲಿ ಹೇಳಬೇಕು. ಶನಿವಾರ ಎಲ್ಲರೂ ನೋಟ್‌ಬುಕ್ ಕೊಟ್ಟರು. ಭಾನುವಾರ ಮನೆಗೆ ನೆಂಟರು ಬಂದಿದ್ದರಿಂದ ಮದಿಹಾಳಿಗೆ ಓದಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಒಂದೊಂದೇ ತೆಗೆದು ಓದತೊಡಗಿದಳು. ದೆವ್ವದ ಕಥೆ ನಾಲ್ಕಿದ್ದವು, ಕ್ರಿಕೆಟ್ಟಿನವು ಮೂರು. ಆಮೇಲೆ ಶೀಲಾಳ ನೋಟ್‌ಬುಕ್ ಬಂತು. ತರಗತಿಯಲ್ಲಿ ಕೇಳಿದರಷ್ಟೇ ಮಾತಾಡುವ ಹುಡುಗಿ. ಅಕ್ಷರ ಮಾತ್ರ ಮುತ್ತಿನಂಥವು.

"ನಮ್ಮ ಮನೆಯಲ್ಲಿ ಮದುವೆ ಇದೆ. ಯಾರಿಗೂ ಹೇಳಬೇಡ ಎಂದು ಮಾಮ ಹೇಳಿದ್ದಾನೆ. ಹಸಿರು ಬಳೆ ತಂದು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಾರೆ. ಗಂಡಿಗೆ ನಲವತ್ತೆರಡು ವರ್ಷ. ನಂದೂರಿನ ಬೇಳೆ ಮಿಲ್ಲಿನಲ್ಲಿ ಕೆಲಸ. ಅವ್ವ ಒಲೆ ಮುಂದೆ ಕೂತು ಅಳುತ್ತಾಳೆ, ಕೇಳಿದರೆ ಹೊಗೆ ಅನ್ನುತ್ತಾಳೆ. ಮಂದಿ ನಗುತ್ತಾರೆ ಎಂದು ನನಗೆ ಅಂಜಿಕೆ. ಸೋಮವಾರ ನಾನು ಶಾಲೆಗೆ ಬರುವುದಿಲ್ಲ."

ಅಷ್ಟೇ. ಕೆಳಗೆ ಒಂದು ಗೆರೆ ಎಳೆದಿತ್ತು.

ಮದಿಹಾ ಆ ಪುಟವನ್ನು ಮತ್ತೊಮ್ಮೆ ಓದಿದಳು. ಹದಿನಾಲ್ಕು ತುಂಬಿರದ ಹುಡುಗಿ. ಶನಿವಾರ ಈ ನೋಟ್‌ಬುಕ್ ಕೊಡುವಾಗ ಶೀಲಾ ಒಂದು ಗಳಿಗೆ ನಿಂತಿದ್ದಳು, ಏನೋ ಹೇಳುವವಳಂತೆ. "ಆಯ್ತು, ಇಡು," ಎಂದು ಮದಿಹಾ ತಾನೇ ಅವಳನ್ನು ಕಳಿಸಿಬಿಟ್ಟಿದ್ದಳು.

ಹೆಡ್‌ಮಾಸ್ತರ ಅಣವೀರಪ್ಪನವರಿಗೆ ಬಸ್ಸಿನಿಂದಲೇ ಫೋನು ಹಚ್ಚಿದಳು.

"ಮೇಡಂ, ಕಥಿ ಬರಿ ಅಂದೋರು ನೀವೇ. ಬರದಾಳ. ಅದಕ್ಯಾಕ ಇಷ್ಟು ಗಾಬರಿ?" ಎಂದರು ಅವರು.

"ಹುಡುಗಿ ಬಂದಾಳೇನು ನೋಡ್ರಿ ಸರ್, ಅಷ್ಟೇ."

ಐದು ನಿಮಿಷಕ್ಕೆ ಅವರೇ ತಿರುಗಿ ಫೋನು ಮಾಡಿದರು. ದನಿ ಬದಲಾಗಿತ್ತು. "ಬಂದಿಲ್ರಿ."

ಮದಿಹಾ ಮಕ್ಕಳ ಸಹಾಯವಾಣಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಕಮಲಾಪುರದಲ್ಲಿ ಇಳಿಯುವ ಹೊತ್ತಿಗೆ ಅಣವೀರಪ್ಪ ಸ್ಕೂಟರ್ ಚಾಲೂ ಮಾಡಿಕೊಂಡೇ ನಿಂತಿದ್ದರು. ಇಬ್ಬರೂ ಶೀಲಾಳ ಮನೆಯತ್ತ ಹೊರಟರು.

ಮನೆ ಸಿಕ್ಕುವುದು ಕಷ್ಟವಾಗಲಿಲ್ಲ. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ಒಂದು ಸಣ್ಣ ಹಂದರ, ಅದರ ಕೆಳಗೆ ಹದಿನೈದು ಮಂದಿ. ವಾದ್ಯವಿರಲಿಲ್ಲ. ಹೊಸ ಲಂಗ ತೊಟ್ಟ ಶೀಲಾ ಅಕ್ಷತೆಯ ಅಕ್ಕಿ ತುಂಬಿದ ತಾಟು ಹಿಡಿದು ಹೊರಗೆ ಬರುತ್ತಿದ್ದಳು. ಮದಿಹಾ ಚಪ್ಪಲಿಯನ್ನೂ ಬಿಡದೆ ಒಳನುಗ್ಗಿ ಅವಳ ಮುಂಗೈ ಹಿಡಿದಳು.

"ನಡಿ, ನನ್ನ ಜೋಡಿ ನಡಿ. ನಾ ಇದ್ದೀನಿ, ಅಂಜಬ್ಯಾಡ."

"ಎಲ್ಲಿಗ್ರಿ ಟೀಚರ್?" ಶೀಲಾ ಕಣ್ಣರಳಿಸಿದಳು. "ಅವ್ವನ ಅಕ್ಕಿಕಾಳು ಬೀಳೋ ಹೊತ್ತಾಗ್ಯದ!"

"ಯಾರದು?"

"ನಮ್ಮವ್ವಂದ್ರಿ."

ಹಂದರದ ಕೆಳಗೆ, ಹಸಿರು ಬಳೆ ತೊಟ್ಟು, ಸೆರಗು ಹೊದ್ದು ಕೂತವಳು ಕಸ್ತೂರಿಬಾಯಿ. ಗಂಡ ಸತ್ತು ಎಂಟು ವರ್ಷ, ಜಂಪರ್ ಹೊಲಿದು ಮಗಳನ್ನು ಸಾಕಿದವಳು. ಪಕ್ಕದಲ್ಲಿ ದತ್ತಪ್ಪ, ಮಿಲ್ಲಿನ ಮಷೀನು ನಡೆಸುವವನು, ತಲೆಗೆ ಸುತ್ತಿದ ಹೊಸ ಪಟಗಾ ಸರಿಯಾಗಿ ನಿಲ್ಲದೆ ಕೈಯಲ್ಲಿ ಹಿಡಿದುಕೊಂಡಿದ್ದ. ಮದಿಹಾ ಅವನನ್ನು ನೋಡಿದಳು, ಅವಳನ್ನು ನೋಡಿದಳು. ಅಲ್ಲೇ ಇದ್ದ ಹೊರಸಿನ ಮೇಲೆ ಕುಸಿದು ಅಳತೊಡಗಿದಳು, ಅಳುತ್ತಲೇ ನಕ್ಕಳು.

ಅಷ್ಟರಲ್ಲಿ ಜೀಪು ಬಂದು ನಿಂತಿತು. ಮಕ್ಕಳ ರಕ್ಷಣೆಯ ಅಧಿಕಾರಿ ಅರುಣಕುಮಾರ, ಹಿಂದೆ ಒಬ್ಬ ಪೊಲೀಸ್.

"ಹುಡುಗಿ ವಯಸ್ಸೆಷ್ಟು?" ಅಧಿಕಾರಿ ಗದರಿದ.

"ಮೂವತ್ತಾರ್ರಿ," ಎಂದಳು ಕಸ್ತೂರಿಬಾಯಿ, ತಲೆ ಎತ್ತದೆ.

ಯಾರೋ ಕಿಸಕ್ಕನೆ ನಕ್ಕರು. ಶೀಲಾಳ ಮಾಮ ನಾಗಣ್ಣ ಮಾತ್ರ ಕೆಂಡವಾದ. "ನಮ್ಮ ಮನಿಗಿ ಪೊಲೀಸ್ರಿಗಿ ಕರಸೀರೇನ್ರಿ ಟೀಚರ್? ನಾಕು ಮಂದಿಗಿ ಗೊತ್ತಾಗಬಾರ್ದು ಅಂತ ನಾವು ವಾದ್ಯ ಸೈತ ಹಚ್ಚಿಲ್ಲ!"

ಮದಿಹಾ ಎದ್ದು ಕೈಮುಗಿದಳು. "ತಪ್ಪಾಯ್ತ್ರಿ. ನಾನೇ ತಪ್ಪು ತಿಳಕೊಂಡೆ."

"ಸುಮ್ಮನಿರು ಅಣ್ಣಾ," ಎಂದಳು ಕಸ್ತೂರಿಬಾಯಿ. ಮದುಮಗಳ ದನಿ ಮೊದಲ ಬಾರಿ ಅಂಗಳಕ್ಕೆಲ್ಲ ಕೇಳಿಸಿತು. "ನನ್ನ ಮಗಳಿಗಿ ಏನೋ ಆಗ್ತದಂತ ಕಲಬುರಗಿಲಿಂದ ಓಡಿ ಬಂದಾಳ. ಇಂಥಾಕಿಗಿ ಬೈತೀಯೇನು? ಟೀಚರ್ರೇ, ಬರ್ರಿ. ಮಂದಿ ಏನಂತಾರೋ ಅಂತ ಅಂಜಿ ನಾ ಯಾರಿಗೂ ಕರದಿಲ್ಲ. ನೀವಾಗೇ ಬಂದೀರಿ. ನೀವೇ ಮೊದಲ ಅಕ್ಕಿಕಾಳು ಹಾಕ್ರಿ."

ಶೀಲಾ ತಾಟು ಮುಂದೆ ಮಾಡಿದಳು. ಮದಿಹಾ, ಅಣವೀರಪ್ಪ, ಅರುಣಕುಮಾರ, ಕೊನೆಗೆ ಟೋಪಿ ತೆಗೆದು ಪೊಲೀಸನೂ ಅಕ್ಕಿಕಾಳು ಹಾಕಿದರು. ಉಣ್ಣದೆ ಹೋಗಲು ಯಾರೂ ಬಿಡಲಿಲ್ಲ. ಎಲ್ಲರಿಗೂ ಎಲೆ ಹಾಕಿ ಹುಗ್ಗಿ ಬಡಿಸಿದರು. ನಾಗಣ್ಣ ತಾನೇ ತುಪ್ಪದ ಗಿಂಡಿ ಹಿಡಿದು ಬಂದು, ಮುಖ ಆಚೆ ತಿರುಗಿಸಿಕೊಂಡೇ ಮದಿಹಾಳ ಎಲೆಗೆ ಎರಡು ಸಲ ಸುರಿದ.

ಕೈತೊಳೆಯುವಾಗ ಮದಿಹಾ ಶೀಲಾಳನ್ನು ಕೇಳಿದಳು, "ನನಗ ಸೀದಾ ಹೇಳಬೇಕಿಲ್ಲೇನು?"

"ಹೇಳಬೇಕಂತ ನಿಂತಿದ್ದೆ ರೀ. ಬಾಯಿ ಬರಲಿಲ್ಲ. ಕಥಿ ಅಂತ ಬರದ್ರ ಯಾರೂ ನಗಂಗಿಲ್ಲ ಅನಸ್ತು."

ಒಂದು ಅಂಜಿಕೆ ಇನ್ನೂ ಮದಿಹಾಳ ಎದೆಯಲ್ಲಿ ಉಳಿದಿತ್ತು. ದತ್ತಪ್ಪನ ಹತ್ತಿರ ಹೋಗಿ ಕೇಳಿಯೇಬಿಟ್ಟಳು. "ಇನ್ನ ಶೀಲಾಗ ಸಾಲಿ ಬಿಡಿಸಿ ನಂದೂರಿಗಿ ಕರಕೊಂಡು ಹೋಗ್ತೀರೇನ್ರಿ?"

"ಛೇ, ಇಲ್ರಿ," ಎಂದ ಅವನು, ಪಟಗಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು. "ಆಕಿ ಹತ್ತನೇ ಕ್ಲಾಸ್ ಮುಗಸೋ ತನಕ ನಾನೇ ಇಲ್ಲಿಂದ ಮಿಲ್ಲಿಗಿ ಹೋಗಿ ಬರ್ತೀನಿ. ನೀವು ದಿನಾ ಬರಲ್ಲೇನ್ರಿ ಕಲಬುರಗಿಲಿಂದ? ನನಗೇನ್ ಧಾಡಿ?"

ಮದಿಹಾ ತಲೆ ಆಡಿಸಿದಳು.

ಸಂಜೆಯ ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿತು. ಓದದ ನೋಟ್‌ಬುಕ್‌ಗಳು ಚೀಲದಲ್ಲಿ ಹಾಗೇ ಇದ್ದವು. ಊರು ದಾಟುವ ಮೊದಲೇ ಕಿಟಕಿಗೆ ತಲೆಯಾನಿಸಿ ಮಗುವಿನಂತೆ ನಿದ್ದೆ ಹೋದಳು. ಕಲಬುರಗಿ ಬಂದಾಗ ಕಂಡಕ್ಟರ್ ಸೀಟು ತಟ್ಟಿ ಎಬ್ಬಿಸಬೇಕಾಯಿತು.