ಎಡಗೈ ಕಟ್ಟು

ಅಟ್ಟದ ಬಿದಿರಿಗೆ ಬಿಗಿದ ಕಟ್ಟು ತನ್ನದಲ್ಲ ಎಂದು ಕೈಯಿಟ್ಟ ಕೂಡಲೇ ಅವಳಿಗೆ ಗೊತ್ತಾಯಿತು. ಅವಳು ಎಡಚಿ. ಅವಳು ಸುತ್ತಿದ ಹಗ್ಗ ಎಡಕ್ಕೆ ತಿರುಗಬೇಕು. ಇದು ಬಲಕ್ಕೆ ತಿರುಗಿತ್ತು.

ಬಸ್ಸು ರಿಪೇರಿಯ ಹಳೆಯ ಶೆಡ್ಡೇ ಅವರ ತರಗತಿ. ವಾಸ್ತುಶಿಲ್ಪ ಕಲಿಸುವ ಮೇಷ್ಟ್ರು ಕಾಲೇಜಿನ ಕಟ್ಟಡ ಬಿಟ್ಟು ವಿದ್ಯಾರ್ಥಿಗಳನ್ನು ಇಲ್ಲಿಗೆ ಎಳೆತಂದಿದ್ದರು. ಮುರಿದ ಬಾಗಿಲುಗಳೇ ಮೇಜು. ಬಿದಿರು, ಹಗ್ಗ ಬಿಟ್ಟರೆ ಬೇರೇನೂ ಬಳಸುವಂತಿಲ್ಲ, ಮೊಳೆಯಿಲ್ಲ, ತಂತಿಯಿಲ್ಲ. ಅಟ್ಟ ಕಟ್ಟಿದವರು ಅದರ ಕೆಳಗೆ ಕೂರಬೇಕು, ಉಳಿದವರೆಲ್ಲ ಮೇಲೆ ಹತ್ತಬೇಕು. ಅದೇ ಪರೀಕ್ಷೆ. "ತಲೆ ಮೇಲೆ ಬೀಳೋದಾದ್ರೆ ಕೈ ತಾನಾಗೇ ಬಿಗಿಯಾಗುತ್ತೆ," ಎನ್ನುತ್ತಿದ್ದರು.

ಕಳೆದ ಸಲ ಅವಳ ಅಟ್ಟ ಕಿರುಗುಟ್ಟಲೂ ಇಲ್ಲ. ಇವಳಿಗೆ ಒಂದು ಗಂಟು ಹಾಕಲೂ ಬಾರದು ಎಂದು ಆಡಿಕೊಳ್ಳುತ್ತಿದ್ದ ಅಣ್ಣ ಅಂದಿನಿಂದ ತೆಪ್ಪಗಾಗಿದ್ದ.

"ನೀನೇನಾದ್ರೂ ಮುಟ್ಟಿದ್ಯೇನೋ?" ಜೊತೆಗಾರನನ್ನು ಕೇಳಿದಳು. ಬಾಯಿಗೆ ಬಿಡುವೇ ಕೊಡದ ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು.

"ನಾನ್ಯಾಕಮ್ಮ ಮುಟ್ಲಿ? ಅದರ ಕೆಳಗೆ ನನ್ನ ತಲೇನೂ ಇರುತ್ತಲ್ಲ!" ಆಮೇಲೆ ದನಿ ತಗ್ಗಿಸಿದ. "ಮೇಷ್ಟ್ರದೇ ಕೈವಾಡ. ಸಂಜೆ ಎಲ್ಲರೂ ಹೋದ್ಮೇಲೆ ಒಬ್ರೇ ಉಳೀತಾರೆ. ನಾವು ಗಮನಿಸ್ತೀವಾ ಇಲ್ವಾ ಅಂತ ನೋಡೋಕೆ ಸಡಿಲ ಮಾಡಿಟ್ಟಿರ್ತಾರೆ."

ಅವಳು ತಿರುಗಿ ನೋಡಿದಳು. ಕಿಟಕಿಯ ಬಳಿ ಮೇಷ್ಟ್ರು ಚಹಾ ಹೀರುತ್ತ ಹೊರಗೆ ನೋಡುತ್ತಿದ್ದರು. ಬೇಕೆಂದೇ ಈ ಕಡೆ ನೋಡುತ್ತಿಲ್ಲ ಎನಿಸಿತು. ಲೋಟ ಹಿಡಿದ ಬೆರಳುಗಳ ತುದಿಯಲ್ಲಿ ಹೊಸ ಗೀರುಗಳಿದ್ದವು.

ಹಗ್ಗ ಬಿಚ್ಚತೊಡಗಿದಳು. ಸಡಿಲವೆಲ್ಲಿ ಬಂತು, ಕಲ್ಲಿನಂತೆ ಬಿಗಿ. ಕೊನೆಯ ಸುತ್ತಿನಡಿ ಏನೋ ಮಿನುಗಿತು. ಬಿದಿರನ್ನು ಕಚ್ಚಿ ಹಿಡಿದ ಕಬ್ಬಿಣದ ತಂತಿ. ಅದು ಕಾಣದಂತೆ ಮೇಲೆ ಹಗ್ಗ ಸುತ್ತಲಾಗಿತ್ತು.

"ಅಬ್ಬ, ಬದುಕಿದೆ!" ಎಂದ ರೇಡಿಯೋ. "ಮುಚ್ಚಿಬಿಡು. ನಾವೇನೂ ನೋಡೇ ಇಲ್ಲ."

ಅವಳ ಹಳೆಯ ಅಟ್ಟ ಮೂಲೆಯಲ್ಲಿ ಇನ್ನೂ ನಿಂತಿತ್ತು. ಅಲ್ಲಿಗೆ ಹೋಗಿ ಒಂದು ಕಟ್ಟನ್ನು ತಡವಿದಳು. ಅದೂ ಬಲಕ್ಕೇ ತಿರುಗಿತ್ತು.

ಮೇಷ್ಟ್ರ ಚೀಲದಲ್ಲಿ ಇಕ್ಕಳವಿತ್ತು. ಕೇಳದೆಯೇ ತೆಗೆದುಕೊಂಡಳು.

"ಹಿಂದೊಂದ್ಸಲ ಅಟ್ಟ ಬಿದ್ದು ಒಬ್ಬನ ಬೆನ್ನು ಮುರೀತಮ್ಮ," ಎಂದರು ಮೇಷ್ಟ್ರು, ಲೋಟದೊಳಗೆ ನೋಡುತ್ತ. "ತಂತಿ ಇರಲಿ ಬಿಡು."

"ಹಾಗಿದ್ರೆ ಮೊದಲೇ ಹೇಳ್ಬೇಕಿತ್ತು ಸರ್. ಆ ಬಿಗಿ ನನ್ನ ಕೈಯದೇ ಅಂದ್ಕೊಂಡಿದ್ದೆ."

ಒಂದೊಂದಾಗಿ ತಂತಿಗಳನ್ನು ಕತ್ತರಿಸಿದಳು. ಬಿದಿರಿಗೆ ಕಾಲು ಕೊಟ್ಟು ಎಳೆದೆಳೆದು, ಎಡಕ್ಕೆ ತಿರುಗಿಸಿ, ಕಟ್ಟುಗಳನ್ನೆಲ್ಲ ಹೊಸದಾಗಿ ಬಿಗಿದಳು.

"ಈ ಸಲ ನಾನು ಮೇಲಿನವರ ಪಾರ್ಟಿ," ಎಂದು ರೇಡಿಯೋ ಜಾರಿಕೊಂಡ.

ಅವಳೊಬ್ಬಳೇ ಕೆಳಗೆ ಕೂತಳು. ಒಬ್ಬೊಬ್ಬರೇ ಹತ್ತಿದರು. ಬಿದಿರು ಕಿರುಗುಟ್ಟಿತು, ತುಸು ಬಾಗಿತು, ಕೂದಲ ಮೇಲೆ ಧೂಳು ಉದುರಿತು. ಹಗ್ಗ ಕಚ್ಚಿಕೊಂಡಿತು. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಕೈ ಬಿದಿರಿನತ್ತ ಎದ್ದು, ಮುಟ್ಟದೆ, ಗಾಳಿಯಲ್ಲೇ ನಿಂತಿತು.

ಎಲ್ಲರೂ ಇಳಿದ ಮೇಲೂ ಆ ಕೈ ಹಾಗೇ ಇತ್ತು.